ಹೊರಗಿನ ಕೋಣೆ

ಮಟ್ಟಾಂಚೇರಿಯ ಜ್ಯೂ ಟೌನ್ ಓಣಿಗೆ ಹೋದಾಗ ಬೆಳಗಿನ ಹನ್ನೊಂದು ಗಂಟೆ ಆಗಿತ್ತು. ಕೊಚ್ಚಿಯಲ್ಲಿ ಎರಡು ದಿನದ ವಿಚಾರ ಸಂಕಿರಣ, ಎರಡನೆಯ ದಿನ ಬೆಳಗಿನ ಗೋಷ್ಠಿಗೆ ಚಕ್ಕರ್ ಹಾಕಿ ಬಂದಿದ್ದೆ. ಓಣಿಯ ಎರಡೂ ಬದಿಗೆ ಒಣಶುಂಠಿ, ಮೆಣಸು, ಏಲಕ್ಕಿ ಮಾರುವ ಅಂಗಡಿಗಳು, ಹಳೇ ಸಾಮಾನಿನ ಅಂಗಡಿಗಳು. ಕೊನೆಯಲ್ಲಿ ಗಡಿಯಾರದ ಗೋಪುರ. ಅದರ ಒಂದು ಮುಖದಲ್ಲಿ ಹೀಬ್ರೂ ಅಂಕಿ, ಇನ್ನೊಂದರಲ್ಲಿ ಮಲಯಾಳಂ ಅಂಕಿ. ಅದರ ಪಕ್ಕದಲ್ಲೇ ಪರದೇಸಿ ಸಿನಗಾಗ್. 1568ರಲ್ಲಿ ಕಟ್ಟಿದ್ದು, ಕೊಚ್ಚಿ ರಾಜನ ಅರಮನೆಗೆ ಗೋಡೆಗೆ ಗೋಡೆ ತಾಗುವಷ್ಟು ಹತ್ತಿರ.

ಚಪ್ಪಲಿ ಹೊರಗೆ ಬಿಡಬೇಕು. ಇದು ಯಹೂದಿಗಳ ಪದ್ಧತಿಯೇನಲ್ಲ, ಲೋಕದ ಬೇರೆ ಕಡೆ ಸಿನಗಾಗ್‌ಗೆ ಬೂಟು ಹಾಕಿಕೊಂಡೇ ಹೋಗುತ್ತಾರೆ. ಇಲ್ಲಿಯವರು ಮಾತ್ರ ಸುತ್ತಲಿನ ಗುಡಿಗಳನ್ನೂ ಮಸೀದಿಗಳನ್ನೂ ನೋಡಿ ಬರಿಗಾಲಾದರು. ನಾನೂ ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆಯಿಟ್ಟೆ. ಮೊದಲು ಸಿಗುವುದು ಒಂದು ಸಣ್ಣ ಕೋಣೆ. ಅದನ್ನು ದಾಟಿದರೆ ನಿಜವಾದ ಪ್ರಾರ್ಥನಾ ಮಂಟಪ. ನನ್ನ ಹಿಂದೆ ಬಂದ ಪ್ರವಾಸಿಗರು ಎರಡು ಹೆಜ್ಜೆಯಲ್ಲಿ ಆ ಕೋಣೆ ದಾಟಿ ಒಳಗೆ ಹೋಗಿ, ಚೀನೀ ಹಾಸುಗಲ್ಲು ನೋಡಿ, ಮೇಲೆ ತೂಗುವ ಗಾಜಿನ ದೀಪಗಳನ್ನು ನೋಡಿ ಹೊರಗೆ ಬಂದೂ ಆಯಿತು. ನಾನು ಆ ಕೋಣೆಯಲ್ಲೇ ನಿಂತಿದ್ದೆ. ಕಾವಲಿನವರು ಕೈ ಮಾಡಿ ಒಳಗೆ ಹೋಗಮ್ಮ ಎಂದರು. ಭಾಷೆ ತಿಳಿಯದವಳು ಎಂದುಕೊಂಡಿರಬೇಕು.

ಆ ಕೋಣೆಗೆ ಅಜಾರಾ ಎನ್ನುತ್ತಾರೆ. ಅಲ್ಲಿ ಯಾರು ಕೂರುತ್ತಿದ್ದರು ಎಂದು ನಾನು ಓದಿಕೊಂಡು ಹೋಗಿದ್ದೆ. ಓದದೇ ಹೋಗಿದ್ದರೆ ನಾನೂ ಎರಡೇ ಹೆಜ್ಜೆಯಲ್ಲಿ ದಾಟುತ್ತಿದ್ದೆ.

ನಮ್ಮೂರು ಮಂಚೇನಹಳ್ಳಿಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ಬಸ್ಸಿನಲ್ಲಿ ಕೂತು, ಮಂಚೇನಹಳ್ಳಿಯಲ್ಲಿ ಇಳಿದು, ಆಟೋ ಸಿಕ್ಕರೆ ಆಟೋ, ಇಲ್ಲದಿದ್ದರೆ ನಡಿಗೆ. ರಾಗಿ, ಮುಸುಕಿನ ಜೋಳ, ನೀರಿದ್ದವರಿಗೆ ಹೂವು. ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಇಂಥ ಊರಿನ ಹುಡುಗಿ ಹನ್ನೆರಡನೆಯ ಶತಮಾನದ ಯಹೂದಿ ವ್ಯಾಪಾರಿಗಳ ಕಾಗದಪತ್ರ ಹಿಡಿದು ಪಿಎಚ್‌ಡಿ ಮಾಡುತ್ತಿದ್ದಾಳೆ ಎಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ನಿನಗ್ಯಾಕೆ ಅದು? ಸಂದರ್ಶನದಲ್ಲಿ ಕೇಳಿದರು, ಹಾಸ್ಟೆಲಿನಲ್ಲಿ ಕೇಳಿದರು, ಗಂಡು ನೋಡಲು ಬಂದವರೂ ಕೇಳಿದರು. ಪ್ರತಿಸಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಒಂದೂ ಪೂರ್ತಿ ನಿಜವಲ್ಲ.

ನಿಜ ಹೇಳಬೇಕೆಂದರೆ, ಎಂ.ಎ. ಎರಡನೆಯ ವರ್ಷದಲ್ಲಿ ಲೈಬ್ರರಿಯಲ್ಲಿ ಅಮಿತಾವ್ ಘೋಷ್ ಅವರ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಸಿಕ್ಕಿತು. 1992ರ ಪುಸ್ತಕ. ಅದರಲ್ಲಿ ಬೊಮ್ಮ ಎಂಬ ಆಳು ಬರುತ್ತಾನೆ. ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಗುಲಾಮ, ನಂಬಿಕೆಯ ಗುಮಾಸ್ತ. ಒಡೆಯನ ಸರಕು ತೆಗೆದುಕೊಂಡು ಹಡಗಿನಲ್ಲಿ ಏಡನ್‌ಗೆ ಹೋಗಿ ಬರುತ್ತಿದ್ದ. ಮೂಲದಲ್ಲಿ ಆ ಹೆಸರು ಸ್ವರಗಳಿಲ್ಲದ ಮೂರೇ ಅಕ್ಷರ. ಅದನ್ನು ಹೇಗೆ ಓದಬೇಕೆಂದು ತಿಳಿಯದೆ ಘೋಷ್ ಮಂಗಳೂರಿಗೆ ಬಂದು ಬಿ.ಎ. ವಿವೇಕ ರೈ ಅವರನ್ನು ಕಾಣುತ್ತಾರೆ. ಅದು ಬೊಮ್ಮ ಆಗುತ್ತದೆ. ನಮ್ಮ ಕೇರಿಯಲ್ಲಿ ಎರಡು ಮನೆಗೊಬ್ಬ ಬೊಮ್ಮಪ್ಪ, ಬೊಮ್ಮಕ್ಕ ಇದ್ದ ಕಾಲವಿತ್ತು. ನಮ್ಮ ತಾತನ ತಮ್ಮನ ಹೆಸರೂ ಅದೇ. ಕೈರೋದ ಒಂದು ಸಿನಗಾಗ್‌ನ ಕತ್ತಲೆ ಕೋಣೆಯಲ್ಲಿ ಎಂಟುನೂರು ವರ್ಷ ಮಲಗಿದ್ದ ಕಾಗದದಲ್ಲಿ ಚಿಕ್ಕತಾತನ ಹೆಸರು ಸಿಕ್ಕಿದ್ದಕ್ಕೆ ನಾನು ಈ ವಿಷಯ ಹಿಡಿದೆ. ಇದನ್ನು ಸಂದರ್ಶನದಲ್ಲಿ ಹೇಳಲಾಗುತ್ತದೆಯೇ?

ಆ ಕತ್ತಲೆ ಕೋಣೆಯ ಬಗ್ಗೆ ಸ್ವಲ್ಪ ಹೇಳಬೇಕು. ದೇವರ ಹೆಸರಿರುವ ಕಾಗದವನ್ನು ಹರಿದು ಬಿಸಾಡಬಾರದು ಎಂಬುದು ಯಹೂದಿಗಳ ನಂಬಿಕೆ. ಹಳೆಯದಾದರೆ ಒಂದು ಕಡೆ ಇಟ್ಟು ಆಮೇಲೆ ಮಣ್ಣು ಮಾಡುತ್ತಾರೆ. ಆ ಇಡುವ ಜಾಗಕ್ಕೆ ಗೆನೀಜಾ ಎಂದು ಹೆಸರು. ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನವರು ಇಡುವುದನ್ನು ಇಟ್ಟರು, ತೆಗೆದು ಮಣ್ಣು ಮಾಡಲಿಲ್ಲ. ದೇವರ ಹೆಸರಿನಿಂದಲೇ ಕಾಗದ ಬರೆಯಲು ಶುರು ಮಾಡುವ ರೂಢಿಯಿದ್ದುದರಿಂದ ವ್ಯಾಪಾರದ ಲೆಕ್ಕ, ಸಾಲದ ಚೀಟಿ, ಮದುವೆಯ ಕರಾರು, ಜಗಳದ ಪತ್ರ ಎಲ್ಲವೂ ಅಲ್ಲಿ ಬಂದು ಬಿದ್ದವು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಅದರಲ್ಲಿ ಹೆಚ್ಚಿನ ಪಾಲನ್ನು ಕೇಂಬ್ರಿಡ್ಜ್‌ಗೆ ಸಾಗಿಸಿದ. ಅಲ್ಲೊಂದರಲ್ಲೇ ಸುಮಾರು 1,93,000 ತುಣುಕುಗಳಿವೆ. ಎಸ್.ಡಿ. ಗೊಯ್ಟೈನ್ ಅವರು ಅದರೊಳಗಿಂದ ಭಾರತದ ವ್ಯಾಪಾರಕ್ಕೆ ಸೇರಿದ ಕಾಗದಗಳನ್ನು ಹೆಕ್ಕಿ ಜೋಡಿಸುತ್ತಾ ಜೀವಮಾನದ ದೊಡ್ಡ ಪಾಲು ಕಳೆದರು. ಸಂಪುಟ ಅಚ್ಚಾದದ್ದು ಅವರು ತೀರಿಕೊಂಡ ಎಷ್ಟೋ ವರ್ಷಕ್ಕೆ, ಅವರ ಶಿಷ್ಯ ಮೊರ್ದೆಕಾಯ್ ಫ್ರೀಡ್‌ಮನ್ ಕೈಯಲ್ಲಿ. ನನ್ನ ಪ್ರಬಂಧ ತಡವಾಯಿತೆಂದು ಗೈಡ್ ಬೈದಾಗ ನಾನು ಗೊಯ್ಟೈನ್ ಅವರನ್ನು ನೆನೆಸಿಕೊಳ್ಳುತ್ತೇನೆ, ಬಾಯಿಬಿಟ್ಟು ಹೇಳುವುದಿಲ್ಲ.

ಬೆನ್ ಯಿಜು ಟುನೀಸಿಯಾ ಕಡೆಯವನು. ಹನ್ನೆರಡನೆಯ ಶತಮಾನದ ಮೂವತ್ತರ ದಶಕದಿಂದ ನಲವತ್ತರ ಕೊನೆಯವರೆಗೆ ಅವನ ಬದುಕು ನಮ್ಮ ಕರಾವಳಿಯಲ್ಲಿ. ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್‌ನಿಂದ ಒಡೆದ ಪಾತ್ರೆಗಳು ಬರುತ್ತಿದ್ದವು, ಹೇಳಿದ ಅಳತೆಗೆ ಹೊಸ ಚೊಂಬು, ತಟ್ಟೆ ಮಾಡಿ ಕಳಿಸಬೇಕು. ಸಕ್ಕರೆ, ಒಣದ್ರಾಕ್ಷಿ, ಸೋಪು, ಚಾಪೆ, ಕಬ್ಬಿಣದ ಬಾಣಲೆ ಇವೆಲ್ಲ ಅವನಿಗೆ ಸ್ನೇಹಿತರು ಅಲ್ಲಿಂದ ಕಳಿಸುತ್ತಿದ್ದ ವಸ್ತುಗಳು. ಎಲ್ಲಕ್ಕಿಂತ ಮುಖ್ಯವಾಗಿ ಕಾಗದ. ತಾಳೆಗರಿಯ ನಾಡಿನಲ್ಲಿ ಕಾಗದಕ್ಕೆ ಬರ. ಬಂದ ಪತ್ರದ ಬೆನ್ನಮೇಲೆ, ಸಾಲುಗಳ ನಡುವೆ, ಅಂಚಿನಲ್ಲಿ ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ. ಆ ಜಿಪುಣತನದಿಂದಲೇ ನಮಗೆ ಇಷ್ಟು ಸಿಕ್ಕಿರುವುದು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನು ಒಂದು ಪತ್ರ ಬರೆಯುತ್ತಾನೆ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ. ಇಂಥ ಪತ್ರಗಳಿಗೆ ಒಂದು ಪಾಠ ಗೊತ್ತುಮಾಡಿದೆ. ಇನ್ನು ನೀನು ನಿನ್ನವಳೇ, ನಿನ್ನ ಮೇಲೆ ನನಗೂ ನನ್ನ ವಾರಸುದಾರರಿಗೂ ಹಕ್ಕಿಲ್ಲ, ನಮ್ಮ ಸಮುದಾಯಕ್ಕೆ ಸೇರಬಹುದು ಎಂಬ ಅರ್ಥದ ಮಾತುಗಳು. ಅವಳಿಗೆ ಬೆರಾಖಾ ಎಂಬ ಹೊಸ ಹೆಸರು ಬಂತು. ಹೀಬ್ರೂವಿನಲ್ಲಿ ಆಶೀರ್ವಾದ ಎಂದು ಅರ್ಥ. ಅವನು ಅವಳನ್ನೇ ಮದುವೆಯಾದ, ಮಕ್ಕಳಿಗೆ ಅವಳೇ ತಾಯಿ ಎಂದು ಗೊಯ್ಟೈನ್ ಊಹಿಸುತ್ತಾರೆ. ಅವನ ಲೆಕ್ಕದ ಚೀಟಿಯೊಂದರಲ್ಲಿ ಆಶುವಿನ ಅಣ್ಣನೋ ತಮ್ಮನೋ ಒಬ್ಬ ನಾಯರ್‌ಗೆ ಸೇರಬೇಕಾದ ಹಣದ ಸಾಲು ಬರುತ್ತದೆ. ಅಷ್ಟೇ. ಹೆಂಡತಿಯ ಬಗ್ಗೆ ಅವನು ಅಣ್ಣತಮ್ಮಂದಿರಿಗೆ ಬರೆದ ಕಾಗದಗಳಲ್ಲಿ ಒಂದು ಮಾತೂ ಇಲ್ಲ. 1149ರ ಸೆಪ್ಟೆಂಬರಿನಲ್ಲಿ ಏಡನ್ ಮುಟ್ಟಿ ಬರೆದ ಪತ್ರದಲ್ಲಿ ಪ್ರಾಣ, ಸೊತ್ತು, ಮಕ್ಕಳು ಎಲ್ಲ ಕ್ಷೇಮ ಎಂದು ಬರೆಯುತ್ತಾನೆ. ಕೆಲವು ವರ್ಷಗಳ ನಂತರ ಮಗಳಿಗೆ ಅಣ್ಣತಮ್ಮಂದಿರ ಪೈಕಿಯ ಹುಡುಗನೊಂದಿಗೆ ಈಜಿಪ್ಟಿನಲ್ಲಿ ಮದುವೆಯಾಗುತ್ತದೆ. ಆಶು ಹಡಗು ಹತ್ತಿದಳೇ ಎಂಬುದಕ್ಕೆ ಒಂದು ಅಕ್ಷರ ಇಲ್ಲ.

ಬಿಡುಗಡೆ ಪತ್ರಕ್ಕೆ ಹೀಬ್ರೂವಿನಲ್ಲಿ ಶಿಹ್ರೂರ್ ಎಂಬ ಮಾತಿದೆ. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಮಾತು ಮೆಶುಹ್ರಾರಿಂ, ಅಂದರೆ ಬಿಡುಗಡೆಯಾದವರು. ಮಟ್ಟಾಂಚೇರಿಯ ಹೊರಗಿನ ಕೋಣೆಯಲ್ಲಿ ಕೂರುತ್ತಿದ್ದವರು ಇವರೇ.

ಕೊಚ್ಚಿಯ ಯಹೂದಿಗಳ ಬಗ್ಗೆ ನಮ್ಮಲ್ಲಿ ಸಾಮಾನ್ಯವಾಗಿ ಹೇಳುವುದು ಹೆಮ್ಮೆಯ ಕಥೆ. ಲೋಕದಲ್ಲೆಲ್ಲ ಅಟ್ಟಿಸಿಕೊಂಡವರಿಗೆ ಭಾರತ ನೆರಳು ಕೊಟ್ಟಿತು. ಇದು ಸುಳ್ಳಲ್ಲ. ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ಸುಮಾರು ಸಾವಿರ ವರ್ಷದ ಹಿಂದೆ ಚೇರ ಅರಸ ಭಾಸ್ಕರ ರವಿವರ್ಮ ತಾಮ್ರಶಾಸನ ಬರೆಸಿಕೊಟ್ಟ. ಪೋರ್ಚುಗೀಸರು ಕಿರುಕುಳ ಕೊಟ್ಟಾಗ ಕೊಚ್ಚಿಯ ರಾಜ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. 1805ರಲ್ಲಿ ತಿರುವಾಂಕೂರಿನ ಮಹಾರಾಜ ತೋರಾ ಗ್ರಂಥದ ಸುರುಳಿಗೆ ಚಿನ್ನದ ಕಿರೀಟ ಕಳಿಸಿದ. 1968ರಲ್ಲಿ ನಾಲ್ಕುನೂರು ವರ್ಷ ತುಂಬಿದಾಗ ಇಂದಿರಾ ಗಾಂಧಿ ಬಂದರು, ಅಂಚೆಚೀಟಿ ಬಂತು. ನಮ್ಮ ಮೈಸೂರು ಸೀಮೆಯಲ್ಲೂ ಇದರ ಒಂದು ಎಳೆಯಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಬೆಂಗಳೂರಿನ ಯಹೂದಿಗಳಿಗೆ ಸ್ಮಶಾನಕ್ಕೆ ಜಾಗ ಕೊಟ್ಟರು. ಗೋರಿಪಾಳ್ಯದ ಹತ್ತಿರ ಈಗಲೂ ಇದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ರೂಬೆನ್ ಮೋಸೆಸ್ ಎಂಬ ಬಾಗ್ದಾದಿ ಯಹೂದಿ ಬೂಟಿನ ಅಂಗಡಿ ಇಟ್ಟಿದ್ದ. ಬೆಂಗಳೂರಿನಲ್ಲಿ ಸಿನಗಾಗ್ ಕಟ್ಟಲಿಲ್ಲ, ಪ್ರಾರ್ಥನೆ ಮನೆಯಲ್ಲೇ. ಕಟ್ಟಡ ಇಲ್ಲದಿದ್ದರೂ ನಡೆಯುತ್ತದೆ, ಹತ್ತು ಜನ ಮಾತ್ರ ಬೇಕೇ ಬೇಕು. ಹದಿಮೂರು ದಾಟಿದ ಹತ್ತು ಗಂಡಸರು ಸೇರದಿದ್ದರೆ ಸುರುಳಿ ತೆಗೆದು ಓದುವ ಹಾಗಿಲ್ಲ. ಈ ಹತ್ತರ ಲೆಕ್ಕಕ್ಕೆ ಮಿನ್ಯನ್ ಎನ್ನುತ್ತಾರೆ. ಸಾಂಪ್ರದಾಯಿಕರಲ್ಲಿ ಹೆಂಗಸರು ಲೆಕ್ಕಕ್ಕಿಲ್ಲ. ಹೆಂಗಸರಿಗೆ ಜಾಗ ಮೇಲಿನ ಅಂತಸ್ತಿನಲ್ಲಿ.

ಆದರೆ ಆ ಅಂತಸ್ತಿನ ಬಗ್ಗೆ ಒಂದು ಚೆಂದದ ವಿಷಯವಿದೆ. ಸುರುಳಿಯನ್ನಿಟ್ಟು ಓದುವ ಕಟಕಟೆ ಎಲ್ಲ ಸಿನಗಾಗ್‌ಗಳಲ್ಲೂ ಕೆಳಗೆ ಒಂದೇ ಇರುತ್ತದೆ. ಕೇರಳದವರು ಮೇಲೂ ಒಂದು ಕಟ್ಟಿದರು, ಹೆಂಗಸರು ಕೂರುವ ಜಾಗದ ಮುಂದೆಯೇ. ಹಬ್ಬಗಳಲ್ಲಿ, ಸಬ್ಬತ್ ದಿನದಲ್ಲಿ ಓದುವುದು ಅಲ್ಲಿಂದ. ಹೆಂಗಸರಿಗೆ ಮಲಯಾಳಂ ಹಾಡುಗಳಿದ್ದವು. ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡು ತಾಯಿಯಿಂದ ಮಗಳಿಗೆ ದಾಟಿಸುತ್ತಿದ್ದರು, ಗಂಡಸರೆದುರು ಹಾಡಲು ಅಡ್ಡಿಯಿರಲಿಲ್ಲ. ಸ್ಕಾರಿಯಾ ಸಕರಿಯಾ, ಬಾರ್ಬರಾ ಜಾನ್ಸನ್ ಮುಂತಾದವರು ಆ ನೋಟುಪುಸ್ತಕಗಳನ್ನು ಹುಡುಕಿ ಸೇರಿಸಿದ್ದಾರೆ. ಸಿಮ್ಹತ್ ತೋರಾ ಹಬ್ಬದಲ್ಲಿ ಸುರುಳಿಗಳನ್ನು ಹೊತ್ತು ಹಾಡುತ್ತಾ ಸುತ್ತು ಬರುತ್ತಾರೆ. ಮಟ್ಟಾಂಚೇರಿಯಲ್ಲಿ ಆ ಮೆರವಣಿಗೆ ಸಿನಗಾಗ್‌ನ ಹೊರಗೂ ಬರುತ್ತಿತ್ತು. ನಮ್ಮ ಉತ್ಸವಮೂರ್ತಿ ಹೊರಡುವ ಹಾಗೆಯೇ ಎಂದು ಓದುವಾಗ ಅನ್ನಿಸಿತ್ತು. ಪಾಸ್‌ಓವರ್ ಹಬ್ಬಕ್ಕೆ ತಿಂಗಳುಗಟ್ಟಲೆ ಮೊದಲೇ ತಯಾರಿ. ಮನೆಗೆ ಸುಣ್ಣ, ಬಾವಿ ತೊಳೆಯುವುದು, ಅಕ್ಕಿಯನ್ನು ಕಾಳು ಕಾಳು ಆರಿಸುವುದು. ಹುಳಿಹಿಟ್ಟಿನ ಒಂದು ಕಣವೂ ಉಳಿಯಬಾರದು. ನಾಥನ್ ಕಾಟ್ಜ್ ಮತ್ತು ಎಲೆನ್ ಗೋಲ್ಡ್‌ಬರ್ಗ್ ಮಟ್ಟಾಂಚೇರಿಯಲ್ಲಿ ಇವರ ನಡುವೆ ಇದ್ದು ಪುಸ್ತಕ ಬರೆದರು. ಯಹೂದಿ ವ್ರತ ಸುತ್ತಲಿನ ಮೇಲ್ಜಾತಿಯ ಮಡಿಯೊಂದಿಗೆ ಕೂಡಿಕೊಂಡ ಬಗೆಯನ್ನು ಅವರು ವಿವರವಾಗಿ ಹೇಳುತ್ತಾರೆ.

ಮಡಿ ಬಂದ ಮೇಲೆ ಮೈಲಿಗೆ ಬಾರದೇ ಇರುತ್ತದೆಯೇ?

ಪರದೇಸಿಗಳೆಂದರೆ ಸ್ಪೇನ್ ಮುಂತಾದ ಕಡೆಯಿಂದ ಆಮೇಲೆ ಬಂದವರು. ‘ಬಿಳಿ’ಯರು ಎನ್ನಿಸಿಕೊಂಡರು. ಸಾವಿರ ವರ್ಷದಿಂದ ಅಲ್ಲೇ ಇದ್ದ ಮಲಬಾರಿ ಯಹೂದಿಗಳು ‘ಕರಿ’ಯರಾದರು, ಅವರ ಸಿನಗಾಗ್‌ಗಳೇ ಬೇರೆ. ಪರದೇಸಿಗಳ ಮನೆಯಲ್ಲಿದ್ದ ದಾಸದಾಸಿಯರು ಯಹೂದಿಗಳಾಗಿ, ಬಿಡುಗಡೆ ಹೊಂದಿದ ಮೇಲೆ ಅವರ ಸಂತತಿ ಮೆಶುಹ್ರಾರಿಂ. ನಂಬಿಕೆ ಅದೇ, ಪ್ರಾರ್ಥನೆ ಅದೇ. ಆದರೆ ಒಳಗಿನ ಬೆಂಚಿನ ಮೇಲೆ ಕೂರುವಂತಿಲ್ಲ. ಸುರುಳಿ ಓದಲು ಕರೆಯುವುದಿಲ್ಲ. ಹೆಣ್ಣು ಕೊಟ್ಟು ತರುವುದಿಲ್ಲ. ಸತ್ತರೆ ಅದೇ ಸ್ಮಶಾನದಲ್ಲಿ ಹೂಳುವುದಿಲ್ಲ. ಹದಿನಾರನೆಯ ಶತಮಾನದಲ್ಲೇ ಕೊಚ್ಚಿಯಿಂದ ಯಾರೋ ಈ ತಕರಾರನ್ನು ಕೈರೋದ ದೊಡ್ಡ ಧರ್ಮಗುರು ಡೇವಿಡ್ ಇಬ್ನ್ ಅಬಿ ಜಿಮ್ರಾಗೆ ಬರೆದು ಕೇಳಿದ್ದರು. ವಿಧಿಪೂರ್ವಕ ಮತಕ್ಕೆ ಸೇರಿ ಬಿಡುಗಡೆ ಪಡೆದವರು ಪೂರ್ತಿ ಯಹೂದಿಗಳೇ, ಮದುವೆಗೂ ಅಡ್ಡಿಯಿಲ್ಲ ಎಂದು ಅವನು ಉತ್ತರ ಕೊಟ್ಟ. ಆಶುವಿನ ಪತ್ರ ಹೋಗಿ ಸೇರಿದ ಊರಿನಿಂದಲೇ ಆ ಉತ್ತರ ಬಂತು. ಶಾಸ್ತ್ರ ಸ್ಪಷ್ಟವಾಗಿತ್ತು, ಬೆಂಚು ಮಾತ್ರ ಇದ್ದಲ್ಲೇ ಇತ್ತು.

ಆ ಬೆಂಚಿಗಾಗಿ ಹೋರಾಡಿದವರು ಅಬ್ರಹಾಂ ಬರಾಕ್ ಸೇಲಂ. 1882ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡರು. ಮೆಶುಹ್ರಾರಿಂ ಮನೆತನ, ವಕೀಲರು, ಕೊಚ್ಚಿ ಶಾಸನಸಭೆಯ ಸದಸ್ಯರಾಗಿದ್ದವರು. ಕಾನೂನು ಮಾಡುವ ಸಭೆಯಲ್ಲಿ ಕುರ್ಚಿಯಿತ್ತು, ತನ್ನ ದೇವರ ಮುಂದೆ ಬೆಂಚಿರಲಿಲ್ಲ. 1924ರಲ್ಲಿ ವೈಕಂನಲ್ಲಿ ಗುಡಿಯ ಸುತ್ತಲಿನ ರಸ್ತೆಗಾಗಿ ಸತ್ಯಾಗ್ರಹ ಶುರುವಾಯಿತಲ್ಲ, ಅದೇ ಕಾಲ. ಗಾಂಧಿಯ ದಾರಿ ಹಿಡಿದ ಸೇಲಂ ಅದನ್ನು ಸಿನಗಾಗ್‌ನ ಬಾಗಿಲಿಗೆ ತಂದರು. ಕೆಲವು ಕಾಲ ಅಲ್ಲಿಗೆ ಹೋಗುವುದನ್ನೇ ಬಿಟ್ಟರು, ಮತ್ತೆ ಹೋಗಿ ವಾದಿಸಿದರು, ಪ್ರತಿಭಟಿಸಿದರು. ಜನ ಅವರನ್ನು ಯಹೂದಿ ಗಾಂಧಿ ಎಂದು ಕರೆದರು. ಒಂದೊಂದಾಗಿ ಕಟ್ಟು ಸಡಿಲವಾಯಿತು. 1950ರಲ್ಲಿ ಅವರ ಮಗ ಪರದೇಸಿ ಮನೆತನದ ಹುಡುಗಿಯನ್ನು ಮದುವೆಯಾದ. ಕೊಚ್ಚಿಯಲ್ಲಿ ಆಗಲಿಲ್ಲ, ಬೊಂಬಾಯಿಗೆ ಹೋಗಿ ಆದರು. ಅಷ್ಟು ಹೊತ್ತಿಗೆ ಇಸ್ರೇಲ್ ಹುಟ್ಟಿತ್ತು. ಐವತ್ತರ ದಶಕದ ನಡುವಿಗೆ ಕೇರಳದ ಬಹುಪಾಲು ಯಹೂದಿಗಳು ಹಡಗು, ವಿಮಾನ ಹತ್ತಿ ಹೊರಟುಹೋದರು. ಆಮೇಲೆ ಪರದೇಸಿಗಳೂ ಒಬ್ಬೊಬ್ಬರಾಗಿ ಹೋದರು. ಹತ್ತು ಗಂಡಸರನ್ನು ಸೇರಿಸುವುದೇ ಕಷ್ಟವಾಯಿತು, ಪ್ರವಾಸಕ್ಕೆ ಬಂದ ಯಹೂದಿಗಳನ್ನು ಸೇರಿಸಿ ಎಣಿಸುವ ಕಾಲ ಬಂತು. ಕೊನೆಕೊನೆಗೆ ಮಟ್ಟಾಂಚೇರಿಯಲ್ಲಿ ಉಳಿದ ಬೆರಳೆಣಿಕೆಯ ಮನೆಗಳಲ್ಲಿ ಸೇಲಂ ಅವರ ಮನೆಯೂ ಒಂದು.

ನಾನು ಆ ಕೋಣೆಯಲ್ಲಿ ನಿಂತಾಗ ತಲೆಯಲ್ಲಿ ಇದ್ದದ್ದು ಸೇಲಂ ಒಬ್ಬರೇ ಅಲ್ಲ. ಅದಕ್ಕೂ ಹತ್ತು ತಿಂಗಳ ಹಿಂದೆ ನಮ್ಮೂರಲ್ಲಿ ಒಂದು ಘಟನೆ ಆಗಿತ್ತು. ಘಟನೆ ಎಂದರೆ ದೊಡ್ಡದೇನಲ್ಲ, ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ.

ಊರ ಗುಡಿಯ ಜೀರ್ಣೋದ್ಧಾರ ಆಯಿತು. ಚಂದಾ ಎತ್ತುವಾಗ ನಮ್ಮ ಕೇರಿಗೂ ಬಂದರು. ಅಪ್ಪ ಟೊಮೇಟೊ ಮಾರಿದ ದುಡ್ಡಲ್ಲಿ ಐದು ಸಾವಿರ ಕೊಟ್ಟರು, ರಸೀತಿಯನ್ನು ಟ್ರಂಕಿನಲ್ಲಿ ಇಟ್ಟಿದ್ದಾರೆ. ಕುಂಭಾಭಿಷೇಕದ ದಿನ ಊರಿನ ಸಾಧಕರಿಗೆ ಸನ್ಮಾನವಂತೆ, ನನ್ನ ಹೆಸರೂ ಇದೆ ಎಂದು ಫೋನ್ ಬಂತು. ಪಿಎಚ್‌ಡಿ ಇನ್ನೂ ಮುಗಿದಿಲ್ಲ ಎಂದೆ. ಮುಗಿಯುತ್ತಲ್ಲ ಬಿಡಮ್ಮ ಎಂದರು. ಹೋದೆ. ಪೆಂಡಾಲ್ ಗುಡಿಯ ಹೊರಗೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಕಿನಲ್ಲಿ ನನ್ನನ್ನು ಊರ ಹೆಮ್ಮೆ ಎಂದರು. ವೇದಿಕೆ ಇಳಿಯುತ್ತಿದ್ದಂತೆ ಯಾರೋ ಹಿರಿಯರು, ಬಾಮ್ಮ ತೀರ್ಥ ತಗೋ ಎಂದು ಕರೆದರು. ಸನ್ಮಾನ ಆದವರೆಲ್ಲ ಹೊರಟಿದ್ದರು, ಅವರ ಜೊತೆ ನಾನೂ ಮೆಟ್ಟಿಲು ಹತ್ತಿದೆ. ಯಾರೂ ತಡೆಯಲಿಲ್ಲ. ಒಳಗೆ ಹೊಸ ಗ್ರಾನೈಟ್ ತಣ್ಣಗಿತ್ತು. ಮಂಗಳಾರತಿ ಬಂತು, ತೀರ್ಥ ಕೊಟ್ಟರು, ಕೈಗೇ ಹಾಕಿದರು.

ತಿರುಗಿ ನೋಡಿದೆ. ನಮ್ಮ ಕೇರಿಯವರು ಒಳಗೆ ಯಾರೂ ಇರಲಿಲ್ಲ. ದೀಪದ ಕಂಬದ ಆಚೆ ಅಪ್ಪ ನಿಂತಿದ್ದರು, ನನ್ನ ಹಣ್ಣಿನ ಬುಟ್ಟಿ ಹಿಡಿದುಕೊಂಡು. ಅಜ್ಜಿ ಇನ್ನೂ ಆಚೆ, ಬೇವಿನಮರದ ಕೆಳಗಿನ ಕಲ್ಲಿನ ಮೇಲೆ. ಆ ಕಲ್ಲಿನ ಮೇಲೆ ಅವಳು ಅರವತ್ತು ವರ್ಷದಿಂದ ಕೂರುತ್ತಾ ಬಂದಿದ್ದಾಳೆ. ಸಂವಿಧಾನದ 17ನೇ ವಿಧಿ, 1955ರ ಕಾಯ್ದೆ ಎಲ್ಲವೂ ನನಗೆ ಬಾಯಿಪಾಠ. ಬೋರ್ಡು ಹಾಕಿ ಯಾರನ್ನೂ ತಡೆದಿಲ್ಲ. ಕರೆದೂ ಇಲ್ಲ. ಅವತ್ತು ನನ್ನೊಬ್ಬಳನ್ನು ಕರೆದಿದ್ದರು, ನಾನು ಹಿಂದೆ ಮುಂದೆ ನೋಡದೆ ಹೋಗಿಬಿಟ್ಟಿದ್ದೆ. ಬಾಗಿಲಲ್ಲೇ ನಿಂತು, ನಮ್ಮಪ್ಪನೂ ಬರಲಿ, ಅಜ್ಜಿಯೂ ಬರಲಿ ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಅಷ್ಟು ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ಸತ್ಯವಲ್ಲ. ಶಾಲು ಹೊದ್ದುಕೊಂಡಿದ್ದೆ, ಎಲ್ಲರೂ ನಗುತ್ತಾ ಮಾತಾಡಿಸುತ್ತಿದ್ದರು, ಒಳಗೆ ಹೋಗುವುದು ನನಗೆ ಇಷ್ಟವೇ ಆಗಿತ್ತು.

ಮಟ್ಟಾಂಚೇರಿಯಲ್ಲಿ ಕೊನೆಗೂ ಒಳಗೆ ಹೋದೆ. ನೀಲಿ-ಬಿಳಿ ಹಾಸುಗಲ್ಲುಗಳನ್ನು 1760ರ ದಶಕದಲ್ಲಿ ಎಜೆಕಿಯೆಲ್ ರಹಬಿ ಎಂಬ ವ್ಯಾಪಾರಿ ಚೀನಾದ ಕ್ಯಾಂಟನ್‌ನಿಂದ ತರಿಸಿದ್ದು, ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ನಡುವೆ ಹಿತ್ತಾಳೆ ಕಟಕಟೆ, ಗೋಡೆಯುದ್ದಕ್ಕೂ ಬೆಂಚು. ನಾನು ಕೂರಲಿಲ್ಲ. ಅದರಲ್ಲಿ ದೊಡ್ಡ ತತ್ವವೇನೂ ಇರಲಿಲ್ಲ, ಹನ್ನೆರಡೂವರೆಗೆ ನನ್ನ ಪೇಪರ್ ಇತ್ತು.

ಊರಿಗೆ ಹೋದದ್ದು ಡಿಸೆಂಬರಿನಲ್ಲಿ, ಅವರೆಕಾಯಿ ಕಾಲಕ್ಕೆ. ಸಂಜೆ ಜಗಲಿಯ ಮೇಲೆ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆವು. ಅಜ್ಜಿ ಕೇಳಿದಳು, “ಅದ್ಯಾವ್ದೋ ಊರಿಗೆ ಹೋಗಿದ್ಯಂತೆ, ಗುಡಿ ನೋಡಾಕೆ?”

ಗುಡಿಯಲ್ಲ ಅಜ್ಜಿ, ಅವರ ಪ್ರಾರ್ಥನೆಯ ಮನೆ, ಒಳಗೆ ಮೂರ್ತಿ ಇರೋದಿಲ್ಲ ಎಂದೆ.

“ಮೂರ್ತಿ ಇಲ್ವಾ? ಹಂಗಾದ್ರೆ ಯಾರೂ ಮುಟ್ಟಿ ಕೆಡಸೋ ಹಂಗಿಲ್ಲ. ಒಳ್ಳೇದಾಯ್ತು.”

ಅಲ್ಲೂ ಕೆಲವರನ್ನು ಹೊರಗಿನ ಕೋಣೆಯಲ್ಲೇ ಕೂರಿಸುತ್ತಿದ್ದರು ಎಂದು ಹೇಳಿದೆ. ಸೇಲಂ ಕಥೆ ಹೇಳಿದೆ. ಸತ್ಯಾಗ್ರಹ ಎಂದಾಗ ಅವಳ ಕೈ ನಿಂತಿತು. “ವಿದುರಾಶ್ವತ್ಥದಾಗೆ ಗುಂಡು ಹೊಡೆದ್ರಲ್ಲ, ಅಂಥದ್ದಾ?” 1938ರ ಏಪ್ರಿಲ್ 25, ಧ್ವಜ ಸತ್ಯಾಗ್ರಹ. ಅವಳು ಹುಟ್ಟುವ ಮೊದಲಿನ ಮಾತು, ಅವಳಪ್ಪ ಹೇಳಿದ್ದು. ಇಲ್ಲಜ್ಜಿ, ಗುಂಡು ಹೊಡೆಯಲಿಲ್ಲ, ಬೆಂಚಿನ ಮೇಲೆ ಕೂರೋದಕ್ಕೆ ಮಾಡಿದ್ದು ಎಂದೆ. ಅವಳು ಒಂದಷ್ಟು ಹೊತ್ತು ಕಾಳು ಹಿದುಕಿ, “ಕೂತ್ಕೊಂಡ್ನಾ?” ಎಂದಳು. ಕೂತ್ಕೊಂಡ ಎಂದೆ.

ಕುಂಭಾಭಿಷೇಕದ ಮಾತು ಎತ್ತಬೇಕೆಂದೇ ಇದೆಲ್ಲ ಶುರುಮಾಡಿದ್ದೆ. “ಅಜ್ಜಿ, ಅವತ್ತು ನಾನು ಒಬ್ಳೇ ಒಳಗೆ ಹೋಗಬಾರದಿತ್ತು” ಎಂದೆ.

“ಯಾಕೆ? ಕರೆದ್ರು, ಹೋದೆ.”

“ನಿನ್ನ ಕರೀಲಿಲ್ವಲ್ಲ.”

“ನನ್ನ ಯಾಕೆ ಕರೀತಾರೆ, ನಾನೇನು ಓದಿದೀನಾ?” ಎಂದು ನಕ್ಕಳು. ಆಮೇಲೆ, “ಮೆಟ್ಲು ಎತ್ತರ, ಮಂಡಿ ನೋವು” ಎಂದಳು. ನಮ್ಮ ಮನೆಯ ಅಟ್ಟಕ್ಕೆ ಏಣಿ ಹತ್ತಿ ರಾಗಿ ಇಳಿಸುವ ಮಂಡಿ ಅದು.

ಮುಂದೇನು ಹೇಳಬೇಕೋ ತಿಳಿಯದೆ ನಾನು ಆಶುವಿನ ವಿಷಯಕ್ಕೆ ಬಂದೆ. ಮಂಗಳೂರಲ್ಲಿ ಒಬ್ಬಳು ದಾಸಿ ಇದ್ದಳು, ಒಡೆಯ ಅವಳನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟ, ಹೊಸ ಹೆಸರಿಟ್ಟ, ಮದುವೆ ಮಾಡಿಕೊಂಡ. ಹಡಗಿನಲ್ಲಿ ಏನೇನು ಬರುತ್ತಿತ್ತು ಎಂದು ಫೋನಿನಲ್ಲಿದ್ದ ಪಟ್ಟಿ ಓದಿದೆ. ಸಕ್ಕರೆ, ದ್ರಾಕ್ಷಿ, ಸೋಪು, ಚಾಪೆ, ಬಾಣಲೆ. ಅಜ್ಜಿಗೆ ಬಾಣಲೆ ಬಹಳ ಹಿಡಿಸಿತು. ಅಷ್ಟು ದೂರದಿಂದ ಬಾಣಲೆ ಯಾಕೆ, ಇಲ್ಲಿ ಕಮ್ಮಾರರು ಇರಲಿಲ್ವಾ ಎಂದಳು. ಮೂರು ವರ್ಷದಲ್ಲಿ ನನಗೆ ಈ ಪ್ರಶ್ನೆ ಬಂದಿರಲಿಲ್ಲ. ಕಬ್ಬಿಣ ಕಳಿಸುತ್ತಿದ್ದವನಿಗೆ ಕಬ್ಬಿಣದ ಬಾಣಲೆ ಯಾಕೆ ಬರಬೇಕು? ಬರೆದುಕೊಂಡೆ.

“ಬಾಣಲೇಲಿ ಬೇಯ್ಸೋಳು ಅವಳೇ ತಾನೆ?”

“ಅವಳೇ ಇರಬೇಕು.”

“ಆಮೇಲೆ?”

ಆಮೇಲೆ ಅವನು ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿ ಅವನ ದೇಶದ ಕಡೆ ಹೋದ, ಕ್ಷೇಮವಾಗಿ ಬಂದೆವು ಎಂದು ಅಣ್ಣತಮ್ಮಂದಿರಿಗೆ ಕಾಗದ ಬರೆದ ಎಂದೆ.

“ಅವಳು?”

“ಅವಳ ವಿಷಯ ಕಾಗದದಲ್ಲಿ ಇಲ್ಲ ಅಜ್ಜಿ. ಹೋದಳೋ, ಅಷ್ಟರಲ್ಲಿ ತೀರಿಕೊಂಡಿದ್ದಳೋ, ಹೇಳೋದಕ್ಕೆ ಆಗಲ್ಲ. ದೊಡ್ಡ ದೊಡ್ಡ ವಿದ್ವಾಂಸರೇ...”

“ಬಿಟ್ಟೋಗವ್ನೆ,” ಎಂದಳು ಅಜ್ಜಿ. ಸಿಪ್ಪೆಯ ಮೊರ ಎತ್ತಿಕೊಂಡು ದನದ ಕೊಟ್ಟಿಗೆ ಕಡೆ ನಡೆದಳು.